ಒದ್ದೆ ಗೋಣಿ ಮತ್ತು ವಡೋದರದ ಬಿಸಿಗಾಳಿ

ಹೊಸ ಶತಮಾನ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಕುಂದಾಪುರದ ಕಡೆಯ ನಾನೂ ನನ್ನ ಗಂಡನೂ ವಡೋದರದ ಫತೇಗಂಜ್‌ನಲ್ಲಿ ಆರು ಮೇಜಿನ ಇಡ್ಲಿ-ದೋಸೆ ಹೋಟೆಲು ತೆರೆದಿದ್ದೆವು. ಚಳಿಗಾಲವಿಡೀ ಚೆನ್ನಾಗಿಯೇ ನಡೆಯಿತು. ಹತ್ತಿರದ ಹಾಸ್ಟೆಲ್ ಹುಡುಗಿಯರು ಬೆಳಿಗ್ಗೆ ಏಳಕ್ಕೇ ಬಂದು ಕೂರುತ್ತಿದ್ದರು. ಏಪ್ರಿಲ್ ಬಂತು, ಎಲ್ಲ ಕೆಟ್ಟಿತು.

ಊರಿನ ಸೆಕೆ ನನಗೆ ಗೊತ್ತಿತ್ತು. ಅಲ್ಲಿ ಮೈಯಿಂದ ನೀರಿಳಿಯುತ್ತದೆ. ಇಲ್ಲಿ ಬೆವರು ಕಾಣುವ ಮೊದಲೇ ಆರಿಹೋಗಿ ತುಟಿ ಒಡೆಯುತ್ತಿತ್ತು. ಸಂಜೆ ರುಬ್ಬಿಟ್ಟ ಹಿಟ್ಟು ಊರಿನಲ್ಲಾದರೆ ಬೆಳಗಿಗೆ ಹದವಾಗಿ ಉಬ್ಬಿರುತ್ತದೆ. ಇಲ್ಲಿ ಹಗಲಿಡೀ ಕಾದ ಗೋಡೆಗಳ ಝಳಕ್ಕೆ ಪಾತ್ರೆ ಮೀರಿ ಉಕ್ಕಿ, ಬೆಳಿಗ್ಗೆ ಬರೀ ಹುಳಿ. ಅಷ್ಟು ದೊಡ್ಡ ಪಾತ್ರೆಗಳು ನಮ್ಮ ಪುಟ್ಟ ಫ್ರಿಜ್ಜಿನಲ್ಲಿ ಹಿಡಿಯುತ್ತಿರಲಿಲ್ಲ. ಒಂದು ದಿನ ನಾಲ್ವರು ಹುಡುಗಿಯರು ಒಂದೇ ತುತ್ತಿಗೆ ತಟ್ಟೆ ಸರಿಸಿದರು. "ದೀದಿ, ಬಹುತ್ ಖಟ್ಟಾ ಹೈ" ಎಂದಳು ಒಬ್ಬಳು, ತಾನೇ ತಪ್ಪು ಮಾಡಿದವಳಂತೆ.

ಗಂಡ ಹಿಟ್ಟನ್ನೆಲ್ಲ ಮೋರಿಗೆ ಸುರಿದು ಬಂದು ಕೂತರು. "ಇದ್ ನಮ್ಗ್ ಆಪ್ದಲ್ಲ ಮಾರಾಯ್ತಿ. ಬಾಗ್ಲ್ ಹಾಕಿ ಊರಿಗ್ ಹೋಪ."

"ನಾ ಬತ್ತಿಲ್ಲೆ" ಎಂದೆ. ಸಿಟ್ಟಿಗೆ ಹೇಳಿದ್ದು; ಉಪಾಯವೇನೂ ನನ್ನಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಎದುರುಮನೆಯ ಗುಜರಾತಿ ಅಜ್ಜಿ ಕರೆದು ನೀರು ಕೊಟ್ಟರು. ಬಿಸಿಗಾಳಿ ಮುಖ ಸುಡುತ್ತಿತ್ತು, ನೀರು ಮಾತ್ರ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಜಗಲಿಯ ಮಡಕೆಗೆ ಒದ್ದೆ ಗೋಣಿ ಸುತ್ತಿದ್ದರು. ಐಸ್ ಹಾಕಿದ್ದೀರಾ ಎಂದು ಕೇಳಿದೆ.

"ನಾ ಬೆನ್, ಐಸ್ ಕ್ಯೂಂ? ಬೋರೀ ಗೀಲೀ ರಖೋ, ಹವಾ ಠಂಡಾ ಕರ್ ದೇಗೀ" ಎಂದು ನಕ್ಕರು. ಐಸ್ ಯಾಕೆ, ಗೋಣಿ ಒದ್ದೆಯಾಗಿಟ್ಟರೆ ಸಾಕು, ಗಾಳಿಯೇ ತಣಿಸುತ್ತದಂತೆ.

ನಮ್ಮ ಕರಾವಳಿಯ ತೇವದಲ್ಲಿ ಒದ್ದೆ ಗೋಣಿ ಸುಲಭಕ್ಕೆ ಆರುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಇಲ್ಲಿ ನೋಡುನೋಡುತ್ತಲೇ ಗರಿಗರಿ. ದಿನಾ ಶಾಪ ಹಾಕುತ್ತಿದ್ದ ಈ ಒಣಗಾಳಿಯನ್ನೇ ದುಡಿಸಿಕೊಳ್ಳಬಹುದಲ್ಲ!

ಅಂದೇ ಅಕ್ಕಿ-ಉದ್ದನ್ನು ಅಜ್ಜಿಯ ಮಡಕೆಯ ತಣ್ಣೀರಿನಲ್ಲಿ ನೆನೆಸಿ ರುಬ್ಬಿದೆ. ಪಾತ್ರೆಗಳಿಗೆ ಒದ್ದೆ ಗೋಣಿ ಸುತ್ತಿ ಹಿಂಬಾಗಿಲ ಗಾಳಿಗೆ ಇಟ್ಟೆ. ಮೊದಲ ದಿನ ತಂಪು ಹೆಚ್ಚಾಗಿ ಹಿಟ್ಟು ಉಬ್ಬಲೇ ಇಲ್ಲ. ಎರಡನೆಯ ದಿನ ನೀರು ಕಡಿಮೆ ಚಿಮುಕಿಸಿದೆ, ಪರವಾಗಿಲ್ಲ ಅನ್ನಿಸಿತು. ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದು ಸೌಟು ಹಾಕಿದರೆ ಹೂವಿನಂಥ ಹಿಟ್ಟು. ಗಂಡ ಬೆರಳದ್ದಿ ನೆಕ್ಕಿದರು. "ಹ್ವಾಯ್, ಇದ್ ಹಿಟ್ಟಂದ್ರೆ ಹಿಟ್ಟ್!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು.

ಪರೀಕ್ಷೆಯ ದಿನಗಳವು. ವಾರದೊಳಗೆ ಆರೂ ಮೇಜು ತುಂಬಿ, ಹುಡುಗಿಯರು ಪುಸ್ತಕ ಹಿಡಿದು ಹೊರಗೆ ಬೇವಿನ ನೆರಳಲ್ಲಿ ಕಾಯತೊಡಗಿದರು.

ಮೇ ತಿಂಗಳಲ್ಲಿ ಅಲಕಾಪುರಿ ಬಡಾವಣೆಯ ದೊಡ್ಡ ಹೋಟೆಲೊಂದರ ಅಡುಗೆಯವರೊಬ್ಬರು ಬಂದರು, ಉಡುಪಿ ಕಡೆಯವರೇ. ದೋಸೆ ತಿಂದವರು ಕೈ ತೊಳೆದು ಸೀದಾ ಅಡುಗೆಮನೆಗೆ ನುಗ್ಗಿದರು. "ಈ ಬೆಂಕಿಯಲ್ಲಿ ಹಿಟ್ಟು ಹೇಗೆ ತಡೀತದೆ ಅಕ್ಕ? ನಮಗೆ ಹುಳಿ ಮುರಿಲಿಕ್ಕೆ ಸೋಡಾ ಹಾಕಿ ಹಾಕಿ ಸಾಕಾಯ್ತು."

ಇಪ್ಪತ್ತು ವರ್ಷ ಒಲೆ ಮುಂದೆ ನಿಂತವರು ಅವರು. ನನಗಾಗ ಇಪ್ಪತ್ನಾಲ್ಕು. ಸೆರಗು ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದೆ. ಅವರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ನಾನು ಒಂದನ್ನೂ ಮುಚ್ಚಿಡಲಿಲ್ಲ.