ಸಾಂತಾ ಉಣ್ಣದ ಊಟ

ಶಹಾಬಾದಿನಿಂದ ವಾಡಿಗೆ ಬರುವ ದಾರಿಯಲ್ಲಿ ಒಂದು ಹಳೆಯ ಕಲ್ಲುಗಣಿ ಇತ್ತು. ಕಲ್ಲು ತೆಗೆದು ತೆಗೆದು ಬರಿದಾದ ಮೇಲೆ ಅದರಲ್ಲಿ ನೀರು ನಿಂತು ಎಮ್ಮೆಗಳು ಈಜಾಡುತ್ತಿದ್ದವು. ಈಗ ಅಲ್ಲಿ ಥೀಮ್ ಪಾರ್ಕ್ ಆಗಿದೆ. ಗೇಟಿನಲ್ಲಿ ಸಿಮೆಂಟಿನ ಡೈನೋಸಾರ್, ಒಳಗೆ ನೀರಿನ ಜಾರುಬಂಡಿ, ತಿರುಗುವ ತೊಟ್ಟಿಲು, ಕಣ್ಣು ಕುಕ್ಕುವ ದೀಪ. ನಾನು ಭಂಕೂರದ ಮಗಳು. ನಮ್ಮಪ್ಪ ಜೀವಮಾನವೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕಿದವರು. ಊರೂರಿನ ಅಂಗಳಗಳಿಗೆ ಕಲ್ಲು ಕಳಿಸಿದ ಈ ನೆಲದಲ್ಲಿ, ಅದೂ ಕಲ್ಲುಗಣಿಯ ಹೊಟ್ಟೆಯೊಳಗೇ, ಇವರು ಎಲ್ಲಿಂದಲೋ ತಂದ ಜಾರುವ ಟೈಲ್ಸ್ ಹಾಸಿದ್ದಾರೆ. ಅದರ ಮೇಲೆ ಕಾಲಿಟ್ಟ ಕೂಡಲೇ ನನ್ನ ಪಿತ್ತ ನೆತ್ತಿಗೇರಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದುಂಟು. ಹೇಳಲಿ. ಆದರೆ ಹೋದ ವರ್ಷದ ಕ್ರಿಸ್‌ಮಸ್ ಸಂಜೆಯ ಸಿಟ್ಟಿಗೆ ಟೈಲ್ಸ್ ಕಾರಣವಲ್ಲ.

ಕಾರಣ ಒಂದು ಜಾಹೀರಾತು. ಮಗಳ ಶಾಲೆಯ ಗೇಟಿನ ಹತ್ತಿರ ಯಾರೋ ಹಂಚಿದ ಬಣ್ಣದ ಕಾಗದ. "ಸಾಂತಾ ಜೊತೆ ಕುಟುಂಬ ಭೋಜನ, ಸಂಜೆ ಏಳಕ್ಕೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಐದನೇ ಕ್ಲಾಸಿನ ಮಗಳು ಅದನ್ನು ನಮ್ಮ ಅತ್ತೆಗೆ ಓದಿ ಹೇಳಿದಳು. ಅತ್ತೆಗೆ ಓದು ಬರಹ ಬಾರದು, ಆದರೆ ಕೇಳಿದ್ದನ್ನು ಅರ್ಧಕ್ಕೆ ಬಿಡುವವರಲ್ಲ.

"ಯಾರಬೇ ಅವ ಸಾಂತಾ ಅಂದ್ರ?"

"ಅಜ್ಜ, ಆಯಿ. ಬೆಳ್ಳನ ಗಡ್ಡ ಇರ್ತದ. ಮನಿ ಮನಿಗಿ ಹೋಗ್ತಾನ. ಹುಡುಗರಿಗಿ ಏನರೆ ಕೊಡ್ತಾನ, ತಾ ಏನೂ ತಗೊಳ್ಳಂಗಿಲ್ಲ."

"ಹಂಗಂದ್ರ ನಮ್ಮ ಸ್ವಾಮಿಗೋಳ ಇದ್ದಂಗ ಅನ್ನು," ಎಂದರು ಅತ್ತೆ. "ಅಂಥವರು ನಮ್ಮ ಜೋಡಿ ಉಣ್ಣಾಕ ಕುಂದರತಾರಂದ್ರ ಬರೀ ಕೈಲೆ ಹ್ಯಾಂಗ ಹೋಗೋದು?"

ನಮ್ಮ ಮನೆಯ ಪದ್ಧತಿ ಇಲ್ಲಿ ಹೇಳಬೇಕು. ಅತ್ತೆ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಮನೆಗೆ ಜಂಗಮರು ಊಟಕ್ಕೆ ಬಂದರೆ ಮೊದಲು ಅವರಿಗೆ ಬಡಿಸಬೇಕು, ಅವರು ಮೊದಲ ತುತ್ತು ಬಾಯಿಗಿಡಬೇಕು, ಆಮೇಲೆ ಉಳಿದವರ ಕೈ ತಾಟಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಹಸಿವು ತಡೆಯದೆ ನಾನು ಅಡುಗೆಮನೆಯಲ್ಲಿ ಹಪ್ಪಳದ ಚೂರು ಮುರಿದದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವರ ಪಾಲಿಗೆ ಇದು ಮಡಿಯ ಮಾತಲ್ಲ, ಮರ್ಯಾದೆಯ ಮಾತು.

ಹಾಗೆಂದು ನಮಗೆ ಕ್ರಿಸ್‌ಮಸ್ ಹೊಸದಲ್ಲ. ವಾಡಿಯ ನಮ್ಮ ಓಣಿಯಲ್ಲೇ, ರೈಲ್ವೆಯಲ್ಲಿದ್ದವರ ಹೆಂಡತಿ, ಒಬ್ಬ ಕ್ರಿಶ್ಚಿಯನ್ ಹೆಣ್ಣುಮಗಳು ಇದ್ದಾರೆ. ಪ್ರತಿ ವರ್ಷ ಪ್ರಾರ್ಥನೆ ಮುಗಿಸಿ ಬಂದು ನಮ್ಮನ್ನು ಕರೆಯುತ್ತಾರೆ. ಅತ್ತೆಗೆಂದು ಮೊಟ್ಟೆ ಹಾಕದ ಕೇಕು ಬೇರೆ ಮಾಡಿರುತ್ತಾರೆ. ನಾವು ಅವರ ಮನೆಯಲ್ಲಿ ಕುಳಿತು ತಿನ್ನುತ್ತೇವೆ, ಅವರೂ ನಮ್ಮ ಜೊತೆ ಕುಳಿತು ತಿನ್ನುತ್ತಾರೆ. ಅವರ ತಟ್ಟೆ ನಮ್ಮ ಮನೆಯಿಂದ ಎಂದೂ ಬರಿದಾಗಿ ಹೋದದ್ದಿಲ್ಲ. ಅಂಥ ಮನೆಯ ಕರೆಯನ್ನು ಮಧ್ಯಾಹ್ನಕ್ಕೇ ಮುಗಿಸಿ, ಸಂಜೆ ಈ ಡೈನೋಸಾರಿನ ಬಾಗಿಲಿಗೆ ಹೋಗಿ ನಿಂತೆವಲ್ಲ, ಮಗಳ ಹಟ ಮತ್ತು ನನ್ನ ಗಂಡನ ಮೆತ್ತನೆಯ ಮನಸ್ಸು ಸೇರಿದರೆ ಹೀಗೆಯೇ ಆಗುವುದು.

ಗೇಟಿನಲ್ಲಿ ಕೈಚೀಲ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಸೆಕ್ಯುರಿಟಿಯವನು ನನ್ನ ಚೀಲದಿಂದ ಬಿಸ್ಕೀಟಿನ ಪೊಟ್ಟಣ ತೆಗೆದ.

"ನಮ್ಮ ಅತ್ತಿಗಿ ಶುಗರ್ ಅದರಿ. ಇನ್ಸುಲಿನ್ ಸೂಜಿ ಆಗ್ಯಾದ. ಏಳಕ್ಕ ಊಟ ಅಂತ ನೀವೇ ಬರದೀರಿ ಅಂತ ಈಗ ಗಾಡ್ಯಾಗ ಕುಂತು ಹಾಕಸೀನಿ. ಇದು ಜೋಡಿ ಇರ್ಲಿ."

"ಒಳಗ ಎಲ್ಲಾ ಸಿಗ್ತದರಿ ಮೇಡಂ," ಎಂದು ಪೊಟ್ಟಣವನ್ನು ನೀಲಿ ಡಬ್ಬಿಗೆ ಎಸೆದ. ನನ್ನ ಗಂಡ ನನ್ನ ಮೊಣಕೈ ಒತ್ತಿದರು. ಅದು ಅವರ ಹಳೆಯ ಬೇಡಿಕೆ, ಸುಮ್ಮನಿರು ಎಂದರ್ಥ. ಸುಮ್ಮನಾದೆ. ಅತ್ತೆ ಮಾತ್ರ ಸೆರಗನ್ನು ಎದೆಗೆ ಬಿಗಿ ಹಿಡಿದು ಡೈನೋಸಾರಿಗೆ ಕೈ ಮುಗಿದು ಒಳಗೆ ನಡೆದರು. ಅವರ ಸೆರಗಿನೊಳಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಶೇಂಗಾ ಹೋಳಿಗೆ ಇತ್ತು. ಆ ಸೆಕ್ಯುರಿಟಿಯವನಿಗೆ ಅಲ್ಲಿ ಕೈ ಹಾಕುವ ಧೈರ್ಯ ಎಲ್ಲಿಂದ ಬಂದೀತು?

ಊಟದ ಹಾಲ್ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲಿನಿಂದ ಹಿಮ ಸುರಿಯುತ್ತಿತ್ತು. ಹಿಮವೆಂದರೆ ಥರ್ಮಾಕೋಲಿನ ಕಾಳು. ಬೇಸಿಗೆಯಲ್ಲಿ ಕಲ್ಲು ಸುಡುವ ನಮ್ಮ ಸೀಮೆಗೆ ಹಿಮ ಯಾಕೆ ಬೇಕೋ ಆ ದೇವರೇ ಬಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಎಲ್ಲ ಕಡೆಯಿಂದ ಬಂದ ಸಂಸಾರಗಳು ನೀರಿನ ಗ್ಲಾಸಿಗೆ ಬಿದ್ದ ಬಿಳಿ ಕಾಳನ್ನು ಬೆರಳಿನಿಂದ ಹೆಕ್ಕುತ್ತ ಕುಳಿತಿದ್ದವು. ಏಳಕ್ಕೆಂದ ಊಟ, ಮಕ್ಕಳ ಡ್ಯಾನ್ಸು, ಲಕ್ಕಿ ಡ್ರಾ, ಸೆಲ್ಫಿ ಸ್ಪರ್ಧೆ ಎಂದು ಎಳೆದು ಎಳೆದು ಶುರುವಾಗುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ನಾನು ಓಡಿ ಹೋಗಿ ಅತ್ತೆಗೆ ಅನ್ನ, ಪಲ್ಯ ಹಾಕಿಸಿಕೊಂಡು ಬಂದೆ.

ಅತ್ತೆ ಊಟ ಮುಟ್ಟಲಿಲ್ಲ. ನಮ್ಮ ಟೇಬಲ್ಲಿನ ನಡುವಿನ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಅದರ ಮುಂದೆ ಒಂದು ಖಾಲಿ ತಾಟು ಇಟ್ಟು, ಪಕ್ಕದಲ್ಲಿ ನೀರಿನ ಗ್ಲಾಸು ಇಟ್ಟು ಕೈಕಟ್ಟಿ ಕುಳಿತಿದ್ದರು.

"ಉಣ್ರಿ ಅತ್ತೀ. ಹೊತ್ತಾತು."

"ಸ್ವಾಮಿಗೋಳು ಬರ್ಲಿ. ಅವರ ಜೋಡಿ ಊಟ ಅಂತ ಹೇಳಿ ಕರಸ್ಯಾರ. ಅವರು ಬಾಯಾಗ ಇಟ್ಟ ಮ್ಯಾಲ ನಾ ಉಣ್ತೀನಿ."

ಸಾಂತಾ ಅಲ್ಲೇ ಇದ್ದ. ಹಾಲಿನ ಮೂಲೆಯ ವೇದಿಕೆಯ ಮೇಲೆ, ಪ್ಲಾಸ್ಟಿಕ್ ಗಿಡದ ಪಕ್ಕದಲ್ಲಿ, ಕೆಂಪು ಉಡುಪು ಹಾಕಿಕೊಂಡು ಕೈ ಬೀಸುತ್ತಿದ್ದ. ಅವನ ಜೊತೆ ಫೋಟೋ ತೆಗೆಸಲು ಉದ್ದ ಸಾಲು. ಹಾಲಿನಲ್ಲಿ ಅಷ್ಟು ಜನ ಉಣ್ಣುತ್ತಿದ್ದರು, ಅವನೊಬ್ಬನ ಮುಂದೆ ತಾಟಿರಲಿಲ್ಲ. ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ. ಅತ್ತೆ ಆ ಖಾಲಿ ತಾಟು ಇಟ್ಟ ಮೇಲೆ ನನಗೆ ಬೇರೇನೂ ಕಾಣಿಸದಂತಾಯಿತು.

"ಯವ್ವಾ, ಅವ ಸ್ವಾಮಿ ಅಲ್ಲ. ಪಗಾರಕ್ಕ ವೇಷ ಹಾಕ್ಯಾನ," ಎಂದರು ನನ್ನ ಗಂಡ.

"ವೇಷ ಹಾಕಿದವರಿಗಿ ಹೊಟ್ಟಿ ಇರಂಗಿಲ್ಲೇನು? ಊಟಕ್ಕ ಕರದು ನಿಂದ್ರಸೋದು ಯಾವ ಊರಿನ ರೀತಿ?"

ಮಗಳು ಜ್ಯೂಸ್ ತಂದು ಬಾಯಿಗೆ ಹಿಡಿದಳು. ಅತ್ತೆ ತುಟಿ ಬಿಚ್ಚಲಿಲ್ಲ. ಸಕ್ಕರೆ ಕೊಟ್ಟೆ, ಬೇಡವೆಂದರು. ಅಷ್ಟರಲ್ಲಿ ಅವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯತೊಡಗಿತು. ಕಟ್ಟಿದ ಕೈಯ ಬೆರಳುಗಳು ನಡುಗುತ್ತಿದ್ದವು. ಸೂಜಿ ಹಾಕಿಸಿಕೊಂಡು ಉಣ್ಣದಿದ್ದರೆ ಏನಾಗುತ್ತದೆ ಎಂದು ನಾನು ಒಮ್ಮೆ ನೋಡಿದ್ದೇನೆ. ಆ ದಿನ ಅವರು ನನ್ನ ಮಡಿಲಲ್ಲಿ ಕಣ್ಣು ಮೇಲೆ ಮಾಡಿ ಮಲಗಿದ್ದರು. ನನಗೆ ಭಯವಾಯಿತು. ಭಯವಾದರೆ ನನಗೆ ಅಳು ಬರುವುದಿಲ್ಲ, ಬಾಯಿ ಬರುತ್ತದೆ.

ನೀಲಿ ಕೋಟಿನ ಮ್ಯಾನೇಜರನ ಹತ್ತಿರ ಹೋದೆ. "ಆ ಸಾಂತಾನ್ನ ಒಂದೀಟು ನಮ್ಮ ಟೇಬಲ್ಲಿಗಿ ಕಳಸ್ರಿ. ಒಂದು ತುತ್ತು ತಿಂದು ಹೋಗ್ಲಿ. ನಮ್ಮ ಅತ್ತಿ ಜೀವದ ಮಾತದ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗ ಆಗಂಗಿಲ್ಲರಿ ಮೇಡಂ. ಸಾಂತಾ ಗೆಸ್ಟ್ ಅಲ್ಲ, ಅಟ್ರಾಕ್ಷನ್. ಅವರು ಹಾಲಿನ್ಯಾಗ ತಿನ್ನಂಗಿಲ್ಲ. ಗಡ್ಡ ಜಾರಿದ್ರ ಮಕ್ಕಳ ನಂಬಿಕಿ ಹಾಳಾಗ್ತದ."

"ಹಂಗಾದ್ರ ಸಾಂತಾನ ಮುಂದ ಊಟ ಅಂತ ಬರೀಬೇಕಿತ್ತು. ಜೊತಿ ಅಂತ ಯಾಕ ಬರದ್ರಿ?"

"ಅದು ಕಾನ್ಸೆಪ್ಟ್ ರಿ."

"ನಿಮ್ಮ ಕಾನ್ಸೆಪ್ಟಿಗಿ ಬೆಂಕಿ ಹತ್ತಲಿ! ಅಲ್ಲಿ ಮುದುಕಿ ಉಣ್ಣದ ನಡಗಾಕತ್ತಾಳ, ಇಲ್ಲಿ ಮನಶ್ಯಾ ಉಣ್ಣದ ನಗಾಕತ್ತಾನ. ಇದಕ್ಕ ಭೋಜನ ಅಂತೀರಿ? ನಾಚಿಕಿ ಆಗಲ್ಲೇನ್ರಿ ನಿಮಗ?"

ನನ್ನ ದನಿಗೆ ಹಾಡು ನಿಂತಿತು. ಅಕ್ಕಪಕ್ಕದ ಟೇಬಲ್ಲಿನವರು ಅತ್ತೆಯ ಕಡೆಗೆ ತಿರುಗಿದರು. ಖಾಲಿ ಕುರ್ಚಿ, ಖಾಲಿ ತಾಟು, ಕೈಕಟ್ಟಿ ಕುಳಿತ ಮುದುಕಿ. ನಮ್ಮ ಸೀಮೆಯ ಜನಕ್ಕೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇಡಂ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ಎತ್ತಿದ ತುತ್ತನ್ನು ಹಾಗೆಯೇ ತಾಟಿಗೆ ಇಳಿಸಿದರು. ಅವರ ಪಕ್ಕದವರೂ ಇಳಿಸಿದರು.

ಆಗ ಸಾಂತಾ ವೇದಿಕೆಯಿಂದ ಇಳಿದ. ಮ್ಯಾನೇಜರ್ "ಏಯ್, ಏಯ್" ಎಂದ. ಅವನು ತಿರುಗಿ ನೋಡಲಿಲ್ಲ. ನೇರ ಬಂದು ಅತ್ತೆಯ ಮುಂದೆ ನಿಂತ.

"ಯಾಕ ಆಯಿ ಉಂಡಿಲ್ಲ?"

"ನೀವು ಉಂಡೀರೇನು?"

"ಇಲ್ಲರಿ. ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಗಡ್ಡ, ಮೀಸಿ ಗೋಂದು ಹಚ್ಚಿ ಅಂಟಸ್ಯಾರ. ತೆಗದ್ರ ಮತ್ತ ಕೂಡಂಗಿಲ್ಲ. ಕೊಳವಿ ಹಾಕಿ ನೀರಷ್ಟೇ ಕುಡದೀನಿ."

ಅತ್ತೆ ಸೆರಗಿನಿಂದ ಗಂಟು ತೆಗೆದರು. ನಡುಗುವ ಬೆರಳಿಗೆ ಗಂಟು ಬಿಚ್ಚಲಾಗದೆ ಮಗಳು ಬಿಚ್ಚಿಕೊಟ್ಟಳು. ಅಂಗೈಯಗಲದ ಎರಡು ಹೋಳಿಗೆ ಆ ತಾಟಿನ ಮೇಲೆ ಬಿದ್ದವು. "ಕುಂದರ್ರಿ ಎಪ್ಪಾ," ಎಂದರು.

ಅವನು ಕುಳಿತ. ಒಂದು ಸಲ ಮ್ಯಾನೇಜರನನ್ನು ನೋಡಿದ, ಒಂದು ಸಲ ಅತ್ತೆಯ ಬೆರಳುಗಳನ್ನು ನೋಡಿದ. ಆಮೇಲೆ ಕಿವಿಯ ಹತ್ತಿರ ಕೈ ಹಾಕಿ ಗಡ್ಡವನ್ನು ಪರಪರನೆ ಕಿತ್ತ. ಒಳಗೆ ಮೂವತ್ತೈದರ ಆಸುಪಾಸಿನ ಒಂದು ಸಾದಾ ಮುಖ. ಗೋಂದು ಹತ್ತಿದ ಕಡೆಯೆಲ್ಲ ಚರ್ಮ ಕೆಂಪಗೆ ಎದ್ದಿತ್ತು. ಹೋಳಿಗೆ ಮುರಿದು ಬಾಯಿಗಿಟ್ಟ. ಅವನು ಅಗಿದು ನುಂಗುವವರೆಗೆ ಕಾದು, ಅತ್ತೆ ಅನ್ನಕ್ಕೆ ಕೈ ಹಾಕಿದರು. ನಾನು ಅಲ್ಲೇ ನೆಲದ ಮೇಲೆ, ಆ ಹಾಳು ಟೈಲ್ಸಿನ ಮೇಲೆ ಕುಸಿದು ಕುಳಿತೆ.

ಮಕ್ಕಳ ನಂಬಿಕೆ ಹಾಳಾಗುತ್ತದೆ ಎಂದಿದ್ದನಲ್ಲ ಆ ಕೋಟಿನವನು. ಒಂದು ಮಗುವೂ ಅಳಲಿಲ್ಲ. "ಸಾಂತಾಗ ಹಸಿವಾಗ್ಯಾದ!" ಎಂದು ನಮ್ಮ ಮಗಳು ಕೂಗಿದ್ದೇ ತಡ, ಫೋಟೋದ ಸಾಲು ಮುರಿದು ಮಕ್ಕಳೆಲ್ಲ ತಮ್ಮ ತಮ್ಮ ತಾಟು ಹಿಡಿದು ಬಂದವು. ಒಂದು ಮಗು ಗೋಬಿ ಮಂಚೂರಿ ಕೊಟ್ಟಿತು, ಇನ್ನೊಂದು ಅರ್ಧ ತಿಂದ ಜಿಲೇಬಿ ಕೊಟ್ಟಿತು. ಅವನು ಎಲ್ಲವನ್ನೂ ತಿಂದ. ಪಾರ್ಕಿನ ಫೋಟೋದವನು ಕ್ಲಿಕ್ ಕ್ಲಿಕ್ ಎನ್ನಿಸುತ್ತಲೇ ಇದ್ದ. ಆಮೇಲೆ ಮ್ಯಾನೇಜರ್ ಬಂದು ಅವನ ರಟ್ಟೆ ಹಿಡಿದು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದ. ತಾಟಿನಲ್ಲಿ ಇನ್ನೂ ಒಂದು ಹೋಳಿಗೆ ಉಳಿದಿತ್ತು. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಹಿಂದೆ ಮಗಳನ್ನು ಓಡಿಸಿದರು. ಬಾಗಿಲು ಹಾಕಿತ್ತು. ಮಗಳು ಗಂಟನ್ನು ಹಾಗೆಯೇ ತಂದಳು.

ಅವನು ರಾವೂರದವನಂತೆ. ಕೆಲವು ತಿಂಗಳ ಮೇಲೆ ನನ್ನ ಗಂಡನಿಗೆ ವಾಡಿಯಲ್ಲಿ ಸಿಮೆಂಟು ಚೀಲ ಹೇರುವಲ್ಲಿ ಸಿಕ್ಕಿದ್ದ. ಕ್ರಿಸ್‌ಮಸ್ ರಾತ್ರಿಯೇ ಪಾರ್ಕಿನವರು, ನಾಳೆಯಿಂದ ಬರಬೇಡ ಎಂದರಂತೆ. "ಆಯಿ ಹ್ಯಾಂಗ ಅದಾರ?" ಎಂದು ಕೇಳಿದನಂತೆ. ಇದನ್ನು ಕೇಳಿ ನಾನು ಎರಡು ದಿನ ಸಿಕ್ಕ ಸಿಕ್ಕ ಪಾತ್ರೆಯನ್ನೆಲ್ಲ ಕುಕ್ಕಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಈ ವರ್ಷ ಡಿಸೆಂಬರ್ ಹುಟ್ಟಿದ ಕೂಡಲೇ ಸ್ಟೇಷನ್ ರಸ್ತೆಯಲ್ಲಿ ದೊಡ್ಡ ಬೋರ್ಡು ಎದ್ದಿತು. ಅತ್ತೆಯ ಶುಗರ್ ತೋರಿಸಿಕೊಂಡು ಆಸ್ಪತ್ರೆಯಿಂದ ಬರುತ್ತ ನೋಡಿದೆವು. ಬೋರ್ಡಿನ ತುಂಬ ನಮ್ಮ ಅತ್ತೆ! ಅದೇ ವಿಭೂತಿ, ಅದೇ ಇಳಕಲ್ ಸೀರೆ. ಎದುರಿಗೆ ಆ ರಾವೂರದವನು. ಆದರೆ ಕಂಪ್ಯೂಟರಿನಲ್ಲಿ ಅವನ ಮುಖಕ್ಕೆ ಗಡ್ಡ ಮತ್ತೆ ಹತ್ತಿಸಿದ್ದರು. ತಾಟಿನಲ್ಲಿದ್ದ ಹೋಳಿಗೆ ಕ್ರೀಮ್ ಕೇಕ್ ಆಗಿತ್ತು. ಮೇಲೆ "ಸಾಂತಾ ಜೊತೆ ಕುಟುಂಬ ಭೋಜನ". ಕೆಳಗೆ ಸಣ್ಣ ಅಕ್ಷರದಲ್ಲಿ "ಹೊರಗಿನ ತಿಂಡಿಗೆ ಪ್ರವೇಶವಿಲ್ಲ". ಅತ್ತೆಯನ್ನು ಕೇಳಲಿಲ್ಲ, ಅವನನ್ನು ಕೇಳಲಿಲ್ಲ. ಯಾರನ್ನು ಉಂಡದ್ದಕ್ಕೆ ಹೊರಗೆ ಹಾಕಿದರೋ, ಅವನು ಉಣ್ಣುವ ಚಿತ್ರ ಇಟ್ಟು ಜನರನ್ನು ಊಟಕ್ಕೆ ಕರೆಯುತ್ತಿದ್ದಾರೆ! ಗಾಡಿ ನಿಲ್ಲಿಸಿ, ಆ ಬೋರ್ಡು ಹರಿದು ಬರುತ್ತೇನೆ ಎಂದೆ. ನನ್ನ ಗಂಡ ಈ ಸಲ ನನ್ನ ಮೊಣಕೈ ಒತ್ತಲಿಲ್ಲ. ಗಾಡಿ ನಿಲ್ಲಿಸಿದರು.

ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೋರ್ಡನ್ನು ನೋಡಿದರು.

"ಈ ವರ್ಷ ಯಾರನ್ನ ನಿಂದ್ರಸ್ಯಾರ?"

"ಯಾರೋ ಹೊಸಬರು ಇರಬೇಕ್ರಿ ಅತ್ತೀ."

"ಅವರಿಗೂ ಗೋಂದು ಹಚ್ತಾರೇನು?"

"ಹಚ್ತಾರ್ರಿ. ಹಚ್ಚದೇ ಬಿಡ್ತಾರೇನು ಆ ಮಂದಿ?"

"ಹಂಗಾದ್ರ ಶೇಂಗಾ ತರಸು," ಎಂದರು ಅತ್ತೆ. "ಹೋಳಗಿ ಈ ಸಲ ಸಣ್ಣ ಸಣ್ಣ ಮಾಡೂಣು. ಗಡ್ಡ ತೆಗೀಲಾರದ ಬಾಯಾಗ ಹೋಗಂಗ."

ನನ್ನ ಸಿಟ್ಟು ಇನ್ನೂ ಒಂದಿಷ್ಟೂ ಇಳಿದಿಲ್ಲ. ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದೇನೆ.