ರೆಕ್ಕೆಯ ಆ ಬದಿಯಲ್ಲಿ ಕಾಂತಪ್ಪ

ಸಿಂಗಪುರದಲ್ಲಿ ಬೆಳಗಿನ ಏಳಾದರೂ ಸರಿಯಾಗಿ ಬೆಳಕು ಹರಿಯುವುದಿಲ್ಲ. ಕಾಕಿ ಬುಕಿತ್‌ನ ಒಂದು ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ವಿಮಾನದ ರೆಕ್ಕೆಯೊಂದನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದ್ದಾರೆ. ಮರದ ಪಕ್ಕೆಲುಬುಗಳಿಗೆ ಎರಡೂ ಕಡೆ ಲಿನನ್ ಬಟ್ಟೆ ಹೊದಿಸಿದೆ. ಈ ಬದಿಯಲ್ಲಿ ಸ್ಟೂಲಿನ ಮೇಲೆ ಕೂತಿರುವ ಚಂಪಾ ಮೊಳದುದ್ದದ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಆ ಬದಿಯಲ್ಲಿ ಯಾರೋ ಸೂಜಿಯನ್ನು ಎಳೆದುಕೊಳ್ಳುತ್ತಾರೆ. ದಾರ ಬಿಗಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕೆಲುಬಿನ ಇನ್ನೊಂದು ಪಕ್ಕದಿಂದ ಸೂಜಿ ವಾಪಸ್ ಬರುತ್ತದೆ, ಚಂಪಾ ಗಂಟು ಹಾಕುತ್ತಾರೆ.

ಆ ಬದಿಯಲ್ಲಿ ಇರುವವರು ಅವರ ಗಂಡ ಕಾಂತಪ್ಪ. ನಾನು ಬರೆಯಲು ಬಂದಿರುವುದು ಅವರ ಬಗ್ಗೆಯೇ, ಆದರೆ ಬಂದು ಅರ್ಧ ಗಂಟೆಯಾದರೂ ಅವರ ಚಪ್ಪಲಿ ಬಿಟ್ಟು ಬೇರೇನೂ ಕಂಡಿಲ್ಲ. ಯಾಕೆ ತಟ್ಟುತ್ತೀರಿ, ಕೂಗಿ ಹೇಳಬಾರದೇ ಎಂದು ಕೇಳಿದರೆ ಚಂಪಾ ನಗುತ್ತಾರೆ. “ಗಂಡನ ಹೆಸರು ಹೇಗೆ ಕರೆಯೋದು ಮಾರಾಯ್ರೆ? ಹತ್ತು ವರ್ಷದಿಂದ ಹೀಗೇ ತಟ್ಟೋದು.”

ಉಡುಪಿ ಕಡೆಯ ಕಾಂತಪ್ಪ ಮೊದಲು ಮಲ್ಪೆಯಲ್ಲಿ ಮೀನಿನ ಬಲೆ ಹೆಣೆಯುತ್ತಿದ್ದರು. ಸಿಂಗಪುರಕ್ಕೆ ಬಂದ ಮೇಲೆ ದೋಣಿಗಳ ಕ್ಯಾನ್ವಾಸ್ ಹೊಲಿದರು. ಹಳೆಯ ವಿಮಾನಗಳನ್ನು ರಿಪೇರಿ ಮಾಡುವ ಟಿಯೋ ಎಂಬವರು ಆ ಹೊಲಿಗೆ ನೋಡಿ ಇಲ್ಲಿಗೆ ಕರೆತಂದರು. ಎರಡೂ ಬದಿಗೆ ಹೊಂದಿಕೊಂಡು ಕೆಲಸ ಮಾಡುವವರು ಇಬ್ಬರು ಬೇಕಿತ್ತು, ಚಂಪಾ ಜೊತೆಗೂಡಿದರು. ಯಿಶುನ್‌ನ ಮನೆಯಿಂದ ದಿನವೂ ಮೊದಲ ಬಸ್ಸಿಗೆ ಹೊರಟರೆ ಸಂಜೆಯ ಹೊತ್ತಿಗೆ ನಾಲ್ಕೈದು ಪಕ್ಕೆಲುಬು ಮುಗಿಯುತ್ತವೆ.

ಈಗ ಮುಂದಿರುವುದು ಪೊಟೇ 25, ಎರಡು ಮಹಾಯುದ್ಧಗಳ ನಡುವಿನ ಫ್ರೆಂಚ್ ಯುದ್ಧವಿಮಾನ. ಮೇಲೊಂದು ಕೆಳಗೊಂದು ಎರಡು ಜೊತೆ ರೆಕ್ಕೆ, ಮರ ಮತ್ತು ಬಟ್ಟೆ. ಹೊಲಿಗೆಯನ್ನು ಪರೀಕ್ಷಿಸುವ ಮೈಸೂರಿನ ನಿವೃತ್ತ ಎಂಜಿನಿಯರ್ ಅನಂತರಾಮ್ ಅದರ ಕಥೆ ಹೇಳುತ್ತಾರೆ: “ಟ್ವೆಂಟೀಸ್‌ನಲ್ಲಿ ಇದು ಮಾಡ್ರನ್ನೇ. ಆಮೇಲೆ ಎಲ್ಲರೂ ಮೆಟಲ್‌ಗೆ ಶಿಫ್ಟ್ ಆದ್ರು. ಇಂಡೋಚೈನಾದಲ್ಲಿ ಮಾತ್ರ ಯುದ್ಧ ಬಂದಾಗಲೂ ಇದನ್ನೇ ಹಾರಿಸ್ತಿದ್ರು, ಬೇರೆ ಕಳಿಸೋರು ಯಾರು?” ಈಗ ಒಬ್ಬ ಫ್ರೆಂಚ್ ಶ್ರೀಮಂತನಿಗೆ ಇದು ಮತ್ತೆ ಹಾರಲೇಬೇಕಂತೆ.

ಇಲ್ಲಿ ನಿಲ್ಲಿಸಿರುವುದು ಕೆಳಗಿನ ರೆಕ್ಕೆ, ಇವತ್ತು ಅದರ ಪರೀಕ್ಷೆ. ಕಳೆದ ವರ್ಷ ಕಾಂತಪ್ಪನವರಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿತು. ಆಸ್ಪತ್ರೆಯಿಂದ ಬಂದವರು ಎಡಗೈಯಲ್ಲಿ ದಾರ ಎಳೆಯಲು ಕಲಿತರು. ಟಿಯೋ ಕೆಟ್ಟವರಲ್ಲ, ಆದರೆ ವ್ಯಾಪಾರಿ. ಈ ರೆಕ್ಕೆ ಪಾಸಾದರೆ ಮೇಲಿನ ರೆಕ್ಕೆಗೂ ಕಾಂತಪ್ಪ, ಇಲ್ಲದಿದ್ದರೆ ಸೋಮವಾರದಿಂದ ಆ ಸ್ಟೂಲಿನಲ್ಲಿ ಬೇರೆಯವನು ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಕಾಂತಪ್ಪ ಇದನ್ನು ನನಗೆ ತಾವಾಗಿಯೇ ಹೇಳುವುದಿಲ್ಲ. ಕೆದಕಿ ಕೇಳಿದ ಮೇಲೆ, “ಮನೆಯಲ್ಲಿ ಕೂತು ಟಿವಿ ನೋಡ್ಲಿಕ್ಕೆ ನನ್ನಿಂದ ಆಗೋದಿಲ್ಲ. ಮಗಳು ಇಲ್ಲಿನವರ ಹಾಗೆ ಸಾಕು ಲಾ ಅಂತಾಳೆ. ಅವಳಿಗೆಂತ ಗೊತ್ತು?” ಎನ್ನುತ್ತಾರೆ. ಹೇಳಿ, ಇಲ್ಲಿ ಕೋಪಿ ಎನ್ನುವ ಕಾಫಿ ಕುಡಿಯಲು ಎದುರಿನ ಹಾಕರ್ ಸೆಂಟರಿನ ತಿಂಡಿ ಅಂಗಡಿಗೆ ಹೋಗುತ್ತಾರೆ.

ಅವರು ರಸ್ತೆ ದಾಟುತ್ತಲೇ ಚಂಪಾ ನನ್ನ ಹತ್ತಿರ ಬರುತ್ತಾರೆ. ಗಂಡನ ಕಡೆಯ ಹೊಲಿಗೆ ಓರೆಕೋರೆ ಕಾಣುತ್ತಿತ್ತಂತೆ. ಅವರು ಕೋಪಿಗೆ ಹೋದಾಗಲೆಲ್ಲ ಈಕೆ ಆ ಬದಿಗೆ ಹೋಗಿ, ರೆಕ್ಕೆಯ ತುದಿಯ ಕೆಲವು ಪಕ್ಕೆಲುಬುಗಳ ದಾರ ಕತ್ತರಿಸಿ, ಒಬ್ಬರೇ ಈಚೆಗೂ ಆಚೆಗೂ ಓಡಾಡಿ ಹೊಸದಾಗಿ ಹೊಲಿದಿದ್ದಾರೆ. “ಅವರಿಗೆ ಗೊತ್ತಾದ್ರೆ ಎದೆ ಒಡೆದುಹೋಗ್ತದೆ. ಆದ್ರೆ ಫೇಲಾದ್ರೂ ಒಡೀತದಲ್ಲ, ಏನು ಮಾಡಲಿ?” ಎನ್ನುವಾಗ ಕಣ್ಣು ತುಂಬಿಕೊಳ್ಳುತ್ತದೆ.

ಹತ್ತು ಗಂಟೆಗೆ ಅನಂತರಾಮ್ ಕೆಲಸ ಶುರುಮಾಡುತ್ತಾರೆ. ಹೆಬ್ಬೆರಳಿನಿಂದ ಒಂದೊಂದೇ ಹೊಲಿಗೆಯನ್ನು ಒತ್ತುತ್ತಾ ಹೋಗುತ್ತಾರೆ. ಟಿಯೋ ಕೈಕಟ್ಟಿ ನಿಂತಿದ್ದಾರೆ. ಕಾಂತಪ್ಪ ನೆಲ ನೋಡುತ್ತಿದ್ದಾರೆ, ಚಂಪಾ ಸೆರಗಿನ ತುದಿ ಹಿಂಡುತ್ತಿದ್ದಾರೆ. ರೆಕ್ಕೆಯ ಬುಡ, ನಡು, ಎಲ್ಲೂ ಅನಂತರಾಮ್ ನಿಲ್ಲುವುದಿಲ್ಲ. ತುದಿಗೆ ಬಂದವರು ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ, ಒಂದಾದ ಮೇಲೆ ಒಂದು. ಟಿಯೋ ಕಾಂತಪ್ಪನವರ ಕಡೆ ತಿರುಗುತ್ತಾರೆ.

“ಇಷ್ಟು ಮಾತ್ರ ಲೂಸ್ ಇದೆ,” ಎನ್ನುತ್ತಾರೆ ಅನಂತರಾಮ್. “ಒಬ್ಬರೇ ಹೊಲಿದ ಹಾಗಿದೆ. ಆ ಕಡೆ ಹಿಡಿದು ಎಳೆಯೋರು ಇರಲಿಲ್ವಾ? ಮಿಕ್ಕಿದ್ದೆಲ್ಲ ಫಸ್ಟ್ ಕ್ಲಾಸ್.”

“ಓರೆ ಇದೆಯಲ್ಲ ಸರ್, ಅವರದ್ದು?” ಚಂಪಾ ತಡೆಯಲಾರದೆ ಕೇಳುತ್ತಾರೆ.

“ಓರೆ ಇದ್ರೇನಮ್ಮ, ಮೇಲೆ ಪಟ್ಟಿ ಅಂಟಿಸ್ತೀವಿ, ಮುಚ್ಚಿಹೋಗುತ್ತೆ. ಗಾಳೀಲಿ ನಿಲ್ಲೋದು ಬಿಗಿ.”

ಚಂಪಾ ಟಿಯೋ ಎದುರು ಹೋಗಿ ನಿಲ್ಲುತ್ತಾರೆ. ಗುರುತು ಹಾಕಿದ್ದೆಲ್ಲ ತನ್ನದು, ಗಂಡನದಲ್ಲ ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ, ಎರಡೆರಡು ಸಲ ಹೇಳುತ್ತಾರೆ. ಟಿಯೋ ಸ್ವಲ್ಪ ಹೊತ್ತು ರೆಕ್ಕೆ ನೋಡಿ, ಆ ತುದಿಯನ್ನು ಇವತ್ತೇ ಬಿಚ್ಚಿ ಹೊಲಿಯಿರಿ, ಸೋಮವಾರ ನೀವಿಬ್ಬರೇ ಮೇಲಿನ ರೆಕ್ಕೆ ಶುರುಮಾಡಿ ಎಂದು ಆಫೀಸಿಗೆ ಹೋಗುತ್ತಾರೆ.

ಕಾಂತಪ್ಪನವರಿಗೆ ಇದೇನೂ ಹೊಸ ಸುದ್ದಿಯಲ್ಲ. “ಮೊದಲ ದಿನವೇ ಗೊತ್ತಾಯ್ತು. ಮುಟ್ಟಿದ್ರೆ ನನ್ನ ಎಳೆತ ಅಲ್ಲ,” ಎನ್ನುತ್ತಾರೆ ನನ್ನೊಂದಿಗೆ. ಮತ್ತೆ ಸುಮ್ಮನಿದ್ದದ್ದು ಯಾಕೆ? “ಹೆದರಿದ್ದಾಳೆ ಪಾಪ. ಕೇಳಿದ್ರೆ ಇನ್ನೂ ಹೆದರ್ತಾಳೆ.” ಆಸೆ ಏನಾದರೂ ಇದೆಯೇ ಎಂದರೆ, ಮೇಲಿನ ರೆಕ್ಕೆ ಮುಗಿಯುವವರೆಗೆ ಎಡಗೈ ಕೈಕೊಡದಿದ್ದರೆ ಸಾಕು ಎಂದು ಕತ್ತರಿ ಹುಡುಕಲು ಹೋಗುತ್ತಾರೆ.

ನಾನು ಹೊರಡುವಾಗ ಚಂಪಾ ಬಾಗಿಲವರೆಗೆ ಬರುತ್ತಾರೆ. ಪರೀಕ್ಷೆ ಶುರುವಾದ ಮೇಲೆ ಇದೇ ಮೊದಲ ಸಲ ಅವರ ಮುಖ ಅರಳಿದೆ.

“ಬೇರೆ ಏನು ಬಿಟ್ರೂ ಇದನ್ನ ಬಿಡಬೇಡಿ, ಹೆಸರು ಹಾಕಿಯೇ ಬರೀರಿ. ಕಾಂತಪ್ಪ ಪಾಸ್. ಚಂಪಾ ಫೇಲ್.”