ದಪ್ಪ ಅಕ್ಷರದ ಇನ್ನೂರ ಹದಿನಾಲ್ಕು

ಸ್ಪಿರಿಟ್ ಹತ್ತಿಯ ವಾಸನೆಗೂ ಹಸಿವಿಗೂ ಅದೇನು ನಂಟೋ ಕಾಣೆ. ಇವತ್ತು ಬೆಳಿಗ್ಗೆ ಸಾಗರದ ಲ್ಯಾಬಿನಲ್ಲಿ ತೋಳು ಚಾಚಿ ಕೂತಿದ್ದೆ. ಹುಡುಗಿ ಹತ್ತಿ ಒತ್ತಿದ್ದೇ ತಡ, ಅಲ್ಲಿಯವರೆಗೆ ಸುಮ್ಮನಿದ್ದ ಹೊಟ್ಟೆ ಎದ್ದು ಕೂತಿತು. ಎದುರಿನ ಹೋಟೆಲಿನವರಿಗೂ ಒಗ್ಗರಣೆ ಹಾಕಲು ಅದೇ ಗಳಿಗೆ ಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರಾದರೆ ನನ್ನ ಸಂಕಟ ನಿಮಗೂ ಗೊತ್ತಿರುತ್ತದೆ.

ಮೂರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತಾಗ ಕೊಲೆಸ್ಟ್ರಾಲ್ ಎಂದರೆ ಕಾಯಿಲೆಯ ಹೆಸರು ಎಂದೇ ತಿಳಿದಿದ್ದೆ. ಅದು ಎಲ್ಲರ ರಕ್ತದಲ್ಲೂ ಇರುತ್ತದೆ, ಇಲ್ಲದಿದ್ದರೆ ಬದುಕೇ ನಡೆಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಆಗ ನಾನು ನಮ್ಮ ಕೇರಿಯ ಹೆಂಗಸರ ಡೊಳ್ಳಿನ ತಂಡ ಸೇರಿ ವರ್ಷವಾಗಿತ್ತು. ಐವತ್ತು ದಾಟಿದ ಮೇಲೆ ಡೊಳ್ಳು ಕಲಿಯಲು ಹೊರಟವಳ ಪಾಡು ಕೇಳಬೇಡಿ. ಬರೀ ಬಾರಿಸಿದರೆ ಸಾಲದು, ಆ ಭಾರ ಹೊತ್ತು ಕುಣಿಯಬೇಕು, ಕೂರಬೇಕು, ಕೂತಷ್ಟೇ ಚುರುಕಾಗಿ ಏಳಬೇಕು. ಮೊದಮೊದಲು ನಾನು ಕೂರುವುದರಲ್ಲಿ ಬಹಳ ಮುಂದಿದ್ದೆ. ತಂಡ ಕಟ್ಟಿದ ಗಿರಿಜಕ್ಕ, "ನೀ ಡೊಳ್ಳು ಬಾರಿಸ್ತಿದೀಯೋ, ಡೊಳ್ಳೇ ನಿನ್ನ ಬಾರಿಸ್ತಿದ್ಯೋ ಮಾರಾಯ್ತಿ" ಎಂದು ನಗುತ್ತಿದ್ದಳು. ಅಂಥವಳು ವರ್ಷ ಕಳೆಯುವುದರೊಳಗೆ ಮುಂದಿನ ಸಾಲಿಗೆ ಬಂದೆ. ತೀರ್ಥಹಳ್ಳಿಯಲ್ಲಿ ನಮ್ಮ ಕುಣಿತ ನಿಗದಿಯಾದಾಗ ಮೊದಲ ಪೆಟ್ಟು ನನ್ನದೇ ಎಂದು ಗಿರಿಜಕ್ಕ ಹೇಳಿಬಿಟ್ಟಳು. ಜೀವನದಲ್ಲಿ ಯಾವುದಕ್ಕೂ ನಾನು ಮೊದಲಿನವಳಾಗಿರಲಿಲ್ಲ. ಆ ಸಂತೋಷಕ್ಕೆ ಎರಡು ದಿನ ಅಡುಗೆಗೆ ಉಪ್ಪು ಹಾಕಿದ್ದೂ ನೆನಪಿರುತ್ತಿರಲಿಲ್ಲ.

ಅಷ್ಟರಲ್ಲಿ ಬಂತು ರಿಪೋರ್ಟು. ನಮ್ಮ ಯಜಮಾನರು ಹೊಸನಗರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಸಾಗರದಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಅವರಿಗೆ ಎಲ್ಲ ಕಾಗದವೂ ಮಾರ್ಕ್ಸ್ ಕಾರ್ಡೇ. ಒಟ್ಟು ಎಷ್ಟು ಎಂದು ನೋಡಿದರೆ ಮುಗಿಯಿತು. ನನ್ನ ಒಟ್ಟು ಕೊಲೆಸ್ಟ್ರಾಲ್ ಇನ್ನೂರ ಹದಿನಾಲ್ಕು, ಅದೂ ದಪ್ಪ ಅಕ್ಷರದಲ್ಲಿ. ಇನ್ನೂರರೊಳಗೆ ಇರಬೇಕಿತ್ತಂತೆ. ಅದೇ ದಿನ ರಕ್ತ ಕೊಟ್ಟಿದ್ದ ಅವರದು ನೂರ ಎಪ್ಪತ್ತೆರಡು. ನಾನು ಫೇಲು, ಅವರು ಪಾಸು.

ಅಂದಿನಿಂದ ಸಾಂಬಾರಿಗೆ ಕಾಯಿ ಬೀಳಲಿಲ್ಲ. ತುಪ್ಪದ ಡಬ್ಬಿ ಅಟ್ಟ ಹತ್ತಿತು. ಇವೆಲ್ಲ ಇರಲಿ, ನನ್ನನ್ನು ಒಂದು ಮಾತೂ ಕೇಳದೆ ಗಿರಿಜಕ್ಕನಿಗೆ ಫೋನು ಮಾಡಿ, "ಅವ್ಳಿಗೆ ಹಾರ್ಟಿನ ತೊಂದ್ರೆ ಶುರುವಾಗಿದೆ, ಇನ್ನು ಡೊಳ್ಳು ಬೇಡ" ಎಂದುಬಿಟ್ಟರು. ಸಿಟ್ಟು ಬರಬೇಕಿತ್ತು. ನಿಜ ಹೇಳಬೇಕೆಂದರೆ ಹೆದರಿಕೆಯಾಯಿತು. ಮೆಟ್ಟಿಲು ಹತ್ತುವಾಗಲೂ ಎದೆ ಮುಟ್ಟಿ ನೋಡಿಕೊಳ್ಳತೊಡಗಿದೆ.

ಗಿರಿಜಕ್ಕ ಮನೆಗೇ ಬಂದಳು. "ನಿನ್ನ ಜಾಗಕ್ಕೆ ಬೇರೆಯವ್ರನ್ನ ಹಾಕಕ್ಕೆ ನಂಗೆ ಮನಸ್ಸಿಲ್ಲ ಕಣೇ. ಭಾನುವಾರದೊಳಗೆ ಹೇಳು. ಡಾಕ್ಟ್ರು ಬೇಡ ಅಂದ್ರೆ ಬಿಡು, ಜೀವ ಮುಖ್ಯ. ಮೇಷ್ಟ್ರು ಬೇಡ ಅಂದ್ರೆ ನಾವ್ಯಾಕೆ ಕೇಳ್ಬೇಕು?"

ಹೌದಲ್ಲ, ಇಷ್ಟೆಲ್ಲ ರಂಪವಾದರೂ ಯಾವ ಡಾಕ್ಟರೂ ಇನ್ನೂ ಏನೂ ಹೇಳಿಯೇ ಇರಲಿಲ್ಲ. ಬರಬೇಕಾಗಿದ್ದ ಸಿಟ್ಟು ಆಗ ಬಂತು.

ಮರುದಿನವೇ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ನನ್ನ ತವರಿನವರೆಲ್ಲ ನಂಬುವ ಲೇಡಿ ಡಾಕ್ಟರು ಇರುವುದು ಅಲ್ಲೇ. ಯಜಮಾನರು ರಜೆ ಹಾಕಿ ಜೊತೆಗೆ ಬಂದರು, ತಮ್ಮ ರಿಪೋರ್ಟನ್ನೂ ಜೇಬಿನಲ್ಲಿಟ್ಟುಕೊಂಡು. ಗೆದ್ದವರು ಪದಕ ಮನೆಯಲ್ಲಿ ಬಿಟ್ಟು ಬರುತ್ತಾರೆಯೇ?

ಡಾಕ್ಟರು ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ಕೊನೆಗೆ ರಿಪೋರ್ಟು ಬಿಡಿಸಿದರು.

"ಒಟ್ಟು ನೋಡಿ ಹೆದರಿದ್ರಾ? ಬಸ್ ಸ್ಟ್ಯಾಂಡಲ್ಲಿರೋ ಜನರನ್ನ ಎಣಿಸಿದ್ರೆ ಕಸ ಹಾಕೋರೂ ಲೆಕ್ಕಕ್ಕೆ ಬರ್ತಾರೆ, ಗುಡಿಸೋರೂ ಬರ್ತಾರೆ. ಎಚ್‌ಡಿಎಲ್ ಅಂತ ಇದೆಯಲ್ಲ, ಅದು ಗುಡಿಸೋದು. ರಕ್ತನಾಳದಲ್ಲಿ ಉಳಿದ ಕೊಬ್ಬನ್ನ ವಾಪಸ್ ಲಿವರಿಗೆ ಸಾಗಿಸತ್ತೆ. ಹೆಂಗಸರಿಗೆ ಐವತ್ತರ ಮೇಲಿದ್ರೆ ಸಾಕು, ನಿಮ್ದು ಅರವತ್ತೆಂಟಿದೆ. ಒಟ್ಟು ಮೇಲೆ ಹೋಗಿದ್ದಕ್ಕೆ ಇದೂ ಒಂದು ಕಾರಣ. ಹಾಗಂತ ಇದೊಂದನ್ನೇ ನೋಡಿ ಕುಣೀಬಾರ್ದು. ಕಸ ಹಾಕೋ ಎಲ್‌ಡಿಎಲ್, ಶುಗರ್, ಬಿಪಿ ಎಲ್ಲ ಸೇರಿಸಿ ನೋಡ್ಬೇಕು. ನಿಮ್ದು ಹೆದರೋ ಹಂಗೇನಿಲ್ಲ, ಕರಿದಿದ್ದು ಸ್ವಲ್ಪ ಕಮ್ಮಿ ಮಾಡಿ. ಕೆಲಸ ಏನ್ ಮಾಡ್ತೀರಿ?"

"ಡೊಳ್ಳು ಕುಣೀತೀನಿ" ಎಂದೆ. ಗೃಹಿಣಿ ಎಂದು ಹೇಳದೆ ಇದ್ದದ್ದು ಅದೇ ಮೊದಲು.

"ಬಿಡ್ಬೇಡಿ ಮತ್ತೆ. ಮೈ ಬೆವರಿದ್ರೆ ಎಚ್‌ಡಿಎಲ್‌ಗೂ ಒಳ್ಳೇದೇ. ಎದೆ ನೋವು, ಉಸಿರು ಕಟ್ಟೋದು ಏನಾದ್ರೂ ಬಂದ್ರೆ ನಿಲ್ಸಿ, ನನ್ನ ಹತ್ರ ಬನ್ನಿ."

ಯಜಮಾನರು ಸದ್ದಿಲ್ಲದೆ ತಮ್ಮ ಕಾಗದವನ್ನೂ ಮುಂದಿಟ್ಟರು. ಡಾಕ್ಟರು ಒಟ್ಟಿನ ಕಡೆ ನೋಡಲೇ ಇಲ್ಲ, ಬೆರಳು ನೇರ ಕೆಳಗಿಳಿಯಿತು. ಅಲ್ಲಿ ದಪ್ಪ ಅಕ್ಷರದ ಎರಡು ಸಾಲುಗಳಿದ್ದವು. ಮೇಷ್ಟ್ರು ಅವನ್ನು ಓದಿಯೇ ಇರಲಿಲ್ಲ.

"ಎಚ್‌ಡಿಎಲ್ ಮೂವತ್ತೆರಡು. ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ. ನಿಮ್ಮಲ್ಲಿ ಗುಡಿಸೋರೇ ಕಮ್ಮಿ ಮೇಷ್ಟ್ರೇ. ದಿನಾ ನಡೀತೀರಾ?"

"ಬಸ್ ಸ್ಟ್ಯಾಂಡ್ ತನಕ."

ನಾನು ನಕ್ಕೆ. ತಡೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ, ಡಾಕ್ಟರೂ ನಕ್ಕರು. ಹೊರಗೆ ಬಂದವಳೇ ಗಿರಿಜಕ್ಕನಿಗೆ ಫೋನು ಮಾಡಿ, "ಮೊದಲ ಪೆಟ್ಟು ನಂದೇ" ಎಂದೆ. ಆ ತಿಂಗಳು ತೀರ್ಥಹಳ್ಳಿಯಲ್ಲಿ ನಾನು ಕೊಟ್ಟ ಪೆಟ್ಟು ಹೊಳೆಯಾಚೆಗೂ ಕೇಳಿಸಿರಬೇಕು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಮೇಷ್ಟ್ರು ನಡೆಯಲು ಶುರುಮಾಡಿದರು. ಮೊದಲು ಮುಖ ಗಂಟಿಕ್ಕಿಕೊಂಡು, ಆಮೇಲೆ ನಾನು ತಡಮಾಡಿದರೆ ಬಯ್ಯುವಷ್ಟು ಶ್ರದ್ಧೆಯಿಂದ. ಇವತ್ತು ಮಧ್ಯಾಹ್ನ ಇಬ್ಬರ ರಿಪೋರ್ಟೂ ಮೊಬೈಲಿಗೆ ಬಂತು. ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದರು. ನನ್ನ ಎಚ್‌ಡಿಎಲ್ ಅರವತ್ತಾರು. ಅವರದು ನಲವತ್ತೆರಡು.

"ಗಂಡಸರಿಗೆ ನಲವತ್ತಾದ್ರೆ ಸಾಕಂತೆ" ಎಂದರು, ಯಾರೋ ಕೇಳಿದ್ದಾರೆ ಎಂಬಂತೆ.

ಸಂಜೆ ತಾಲೀಮಿಗೂ ಜೊತೆಗೆ ಬಂದರು. ಡೊಳ್ಳನ್ನು ಸೊಂಟಕ್ಕೆ ಒಬ್ಬರೇ ಕಟ್ಟಿಕೊಳ್ಳಲಾಗುವುದಿಲ್ಲ, ಹಿಂದಿನಿಂದ ಯಾರಾದರೂ ಬಟ್ಟೆ ಎಳೆದು ಗಂಟು ಹಾಕಬೇಕು. ಗಿರಿಜಕ್ಕ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಇವರೇ ನನ್ನ ಬೆನ್ನ ಹಿಂದೆ ನಿಂತು ಬಟ್ಟೆಯ ತುದಿ ಹಿಡಿದಿದ್ದರು.

"ಸಾಕಾ?"

"ಇನ್ನೂ ಬಿಗಿ."

ಎಳೆದು ಗಂಟು ಹಾಕಿ ಪಕ್ಕಕ್ಕೆ ಸರಿದರು. "ಹ್ಞೂಂ, ಹೊಡಿ" ಎಂದರು. ಹೊಡೆದೆ.